ಉತ್ತರದ ಬಿಸಿಲು, ಆಗ್ನೇಯದ ಸೌದೆ

ಜಡಿಗೇನಹಳ್ಳಿ, ಹೊರಟ ದಿನ

ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಸುವಿಗೆ ಹುಲ್ಲು ಹಾಕಿದೆ, ಹಾಲು ಡೈರಿಗೆ ಕಳಿಸಿದೆ. ಹಂಡೆ ಒಲೆಯ ಬೂದಿ ಬಾಚಿ, ನಾಲ್ಕು ಸೀಳು ನೀಲಗಿರಿ ತುರುಕಿ ನೀರು ಕಾಯಿಸಿದೆ. ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿದೆ. ಸಾರಿನ ಪುಡಿ, ಚಟ್ನಿಪುಡಿ, ರಾಗಿಹಿಟ್ಟು ಬೇರೆ ಬೇರೆ ಡಬ್ಬಕ್ಕೆ ತುಂಬಿದೆ. ಯಜಮಾನರಿಗೆ ಗ್ಯಾಸ್ ಬುಕ್ ಮಾಡುವುದು ಹೇಗೆಂದು ಮೂರನೇ ಸಲ ಹೇಳಿಕೊಟ್ಟೆ. ಆಮೇಲೆ ಸೀರೆ ಬದಲಾಯಿಸಿಕೊಂಡು ನ್ಯೂಜಿಲೆಂಡಿಗೆ ಹೊರಟೆ.

ಹೋಗುತ್ತಿದ್ದುದು ಬಾಣಂತನಕ್ಕೆ. ನನ್ನ ತಂಗಿ ಶೈಲಜ ಆ ದೇಶದ ತೆಂಕಣ ತುದಿಯ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸು. ಅವಳ ಗಂಡ ಮಂಜುನಾಥ ಅಲ್ಲೇ ಹಾಲಿನ ಫಾರ್ಮಿನಲ್ಲಿ ಹಸು ನೋಡಿಕೊಳ್ಳುತ್ತಾನೆ. ಅವಳಿಗೆ ಮೂವತ್ತೊಂಬತ್ತು. ಎರಡು ಬಸಿರು ನಿಲ್ಲದೆ ಹೋಗಿದ್ದವು. ಇದು ಮೂರನೆಯದು. ನಮ್ಮಮ್ಮ ಇದ್ದಿದ್ದರೆ ಅಮ್ಮ ಹೋಗುತ್ತಿದ್ದಳು. ಅಮ್ಮ ಇಲ್ಲ. "ಅಕ್ಕಾ, ನೀನೇ ಬರ್ತೀಯಾ?" ಎಂದು ಕೇಳಿದಾಗ ಅವಳ ದನಿ ಅನುಗೊಂಡನಹಳ್ಳಿಯ ನಮ್ಮ ತವರುಮನೆಯಲ್ಲಿ ಕತ್ತಲಿಗೆ ಹೆದರಿ ನನ್ನ ಸೆರಗು ಹಿಡಿಯುತ್ತಿದ್ದಾಗಿನಂತೆಯೇ ಇತ್ತು.

"ಅಲ್ಲಿ ಈಗ ಏನೇ? ಬಿಸಿಲಾ, ಮಳೇನಾ?" ಎಂದು ಅತ್ತೆ ಕೇಳಿದರು.

"ಚಳಿಗಾಲವಂತೆ ಅತ್ತೆ."

"ಆಷಾಢದಲ್ಲಿ ಎಂಥಾ ಚಳಿಗಾಲವೇ? ಆ ಮಂಜುನಾಥ ನಿನ್ನ ಆಟ ಆಡಿಸ್ತಾವ್ನೆ."

ನನಗೂ ಹಾಗೇ ಅನ್ನಿಸಿತ್ತು. ಆದರೂ ಎರಡು ಸ್ವೆಟರ್ ಇಟ್ಟುಕೊಂಡೆ.

ವಿಮಾನ ನಿಲ್ದಾಣದ ಮೇಜು

ಇಳಿದ ಕೂಡಲೇ ಒಬ್ಬ ಹುಡುಗಿ ನನ್ನ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಚ್ಚಿಸಿದಳು. ಕೈಗೆ ನೀಲಿ ಗ್ಲೌಸು, ಮುಖದಲ್ಲಿ ಬಹಳ ಮರ್ಯಾದೆ. ಮಗುವಿಗೆ ತೇಯಲು ತಂದಿದ್ದ ಬಜೆ ಬೇರನ್ನು ಮೂಸಿ ನೋಡಿ ಎತ್ತಿಟ್ಟುಕೊಂಡಳು. ಅದು ವಾಪಸ್ ಬರಲಿಲ್ಲ. ಆಮೇಲೆ ನನ್ನ ಮುದ್ದೆ ಕೋಲು ಸಿಕ್ಕಿತು. ಅದನ್ನು ದೀಪದ ಕೆಳಗೆ ಹಿಡಿದು, ತಿರುಗಿಸಿ, ತುದಿಯಿಂದ ತುದಿಗೆ ಹುಳು ಕೊರೆದ ತೂತಿದೆಯೇ ಎಂದು ನೋಡಿದಳು. ಯಾವ ಮರ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ದಿನಾ ಕೈಯಲ್ಲಿ ಹಿಡಿಯುವ ಕೋಲು ಯಾವ ಮರದ್ದೆಂದು ನಾನು ಯೋಚಿಸಿಯೇ ಇರಲಿಲ್ಲ. ಎಷ್ಟು ಹಳೆಯದು ಎಂದಳು. "ಮದುವೆಯಷ್ಟು" ಎಂದೆ. ನಕ್ಕು ವಾಪಸ್ ಕೊಟ್ಟಳು.

ಕಟ್ಟಿಗೆಗೂ ಜಾತಕ ಕೇಳುವ ದೇಶ ಇದು ಎಂದು ಆಗಲೇ ನನಗೆ ತಿಳಿಯಬೇಕಿತ್ತು.

ಮೂರನೆಯ ದಿನ

ಶೈಲಜಳ ಮನೆ ಪೂರ್ತಿ ಮರದ್ದು. ಗೋಡೆ ತಟ್ಟಿದರೆ ಪೆಟ್ಟಿಗೆ ತಟ್ಟಿದ ಹಾಗೆ ಸದ್ದು. ನಡುಮನೆಯಲ್ಲಿ ಒಂದು ಕಬ್ಬಿಣದ ಒಲೆ, ಅದಕ್ಕೆ ಗಾಜಿನ ಬಾಗಿಲು. ಮನೆ ಪೂರ್ತಿ ಬೆಚ್ಚಗಾಗುವುದು ಅದೊಂದರಿಂದಲೇ. ಅದರ ಮೇಲೆ ಅಡುಗೆ ಇಲ್ಲ, ನೀರು ಕಾಯಿಸುವುದಿಲ್ಲ. ಬರೀ ಮನುಷ್ಯರಿಗಾಗಿ ಒಲೆ ಉರಿಸುವುದನ್ನು ನಾನು ಅದೇ ಮೊದಲು ನೋಡಿದ್ದು. ಮೊದಲ ದಿನ ಅಭ್ಯಾಸಬಲದಿಂದ ಬೂದಿಯನ್ನೆಲ್ಲ ಬಾಚಿ, ನೀರು ಚಿಮುಕಿಸಿ, ಮುಂದೆ ಒಂದೆಳೆ ರಂಗೋಲಿ ಹಾಕಿ ಅರಿಸಿನ ಕುಂಕುಮ ಇಟ್ಟೆ. ಶೈಲಜ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಂಜುನಾಥ ಫಾರ್ಮಿಗೆ ಹೊರಡುವ ಮುಂಚೆ ಸೌದೆ ತೋರಿಸಿದ. ಅಡುಗೆಮನೆಯ ಬಾಗಿಲಾಚೆ ತಗಡಿನ ಚಪ್ಪರ. ಅದರಡಿ ಸೊಂಟದೆತ್ತರಕ್ಕೆ ಎರಡು ಸಾಲು.

"ಅತ್ತಿಗೆ, ಗೋಡೆ ಕಡೆದು ಈ ವರ್ಷದ್ದು. ಬೇಲಿ ಕಡೆದು ಇನ್ನೂ ಹಸಿ, ಅದು ಮುಂದಿನ ವರ್ಷಕ್ಕೆ, ಗಮ್ಮು ಅದರ ಮುಂದಿನ ವರ್ಷಕ್ಕೆ. ಪೈನಲ್ಲಿ ಹತ್ತಿಸ್ಬೇಕು, ಆಮೇಲೆ ಗಮ್ಮು. ಗೊತ್ತಾಯ್ತಾ?"

ಗೊತ್ತಾಯಿತೆಂದು ತಲೆಯಾಡಿಸಿದೆ. ನಮ್ಮೂರಿನ ಲೆಕ್ಕದಲ್ಲಿ ಆಗ ನಡುರಾತ್ರಿ. ಕಿವಿಗೆ ಬಿದ್ದದ್ದು ತಲೆಗೆ ಇಳಿಯಲಿಲ್ಲ. ಅಲ್ಲದೆ ನನ್ನ ಗಮನವೆಲ್ಲ ಆ ಗಮ್ಮಿನ ಮೇಲಿತ್ತು. ಒಂದು ಸೀಳು ಎತ್ತಿ ಮೂಸಿದೆ.

"ಇದು ನೀಲಗಿರಿ ಅಲ್ವೇನೋ ಮಂಜುನಾಥ?"

"ಹೂಂ, ಅದೇ ಜಾತಿ."

ನನಗೆ ಕಣ್ಣಲ್ಲಿ ನೀರೇ ಬಂತು. ಸಮುದ್ರ ದಾಟಿ ಬಂದರೆ ಹೊಸಕೋಟೆ ರಸ್ತೆಯ ನೀಲಗಿರಿ ತೋಪಿನ ವಾಸನೆ! ಇದಕ್ಕೆ ಎರಡು ವರ್ಷ ಕಾಯಬೇಕೇ? ನಾವು ಶಿವರಾತ್ರಿಗೆ ಕಡಿದದ್ದನ್ನು ಯುಗಾದಿಯ ಎಣ್ಣೆಸ್ನಾನಕ್ಕೆ ಉರಿಸುತ್ತೇವೆ. ಶಿವಗಂಗೆಯಲ್ಲಿ ಲಿಂಗಕ್ಕೆ ತಿಕ್ಕಿದ ತುಪ್ಪ ಬೆಣ್ಣೆಯಾಗುತ್ತದೆ ಎಂದರೆ ನಂಬುವವಳು ನಾನು. ಆದರೆ ನೀಲಗಿರಿ ಒಣಗಲು ಎರಡು ವರ್ಷ ಎನ್ನುವುದನ್ನು ನಂಬಲಾಗಲಿಲ್ಲ.

ಅವತ್ತು ಮಧ್ಯಾಹ್ನ ಇನ್ನೊಂದು ಗೊಂದಲ. ಬಿಸಿಲು ಅಡುಗೆಮನೆ ಕಡೆಯಿಂದ ಬರುತ್ತಿತ್ತು, ಹಾಗಾಗಿ ಅದು ದಕ್ಷಿಣ ಎಂದುಕೊಂಡು ಅದಕ್ಕೆ ತಕ್ಕ ಹಾಗೆ ದೇವರ ಪಟ ಇಟ್ಟೆ. ಸಂಜೆ ಮಂಜುನಾಥ ಮೊಬೈಲಿನಲ್ಲಿ ದಿಕ್ಕು ತೋರಿಸಿ, "ಅತ್ತಿಗೆ, ಅದು ಉತ್ತರ. ಇಲ್ಲಿ ಸೂರ್ಯ ಆ ಕಡೆಯಿಂದಾನೇ ಹೋಗೋದು" ಎಂದ. ಪಟ ತಿರುಗಿಸಿದೆ. ತಿರುಗಿಸುವಾಗಲೇ ಇನ್ನೊಂದು ಹೊಳೆಯಿತು. ಅಡುಗೆಮನೆ ಉತ್ತರವಾದರೆ, ಅದರ ಬಲಕ್ಕೆ ಪೂರ್ವದ ಮೂಲೆಯಲ್ಲಿರುವ ಸೌದೆ ಚಪ್ಪರ ಈಶಾನ್ಯ. ದೇವಮೂಲೆ, ನೀರಿನ ಮೂಲೆ. ಅಲ್ಲಿ ಕೈಗೆ ಸಿಕ್ಕಷ್ಟು ಭಾರ, ಅದೂ ಬೆಂಕಿಗೆ ಹೋಗುವ ಸಾಮಾನು! ಎರಡು ಬಸಿರು ನಿಲ್ಲದ ಮನೆ.

ಯಾರಿಗೂ ಹೇಳಲಿಲ್ಲ.

ಎಂಟರಿಂದ ಹತ್ತನೆಯ ದಿನ

ಬೆಂಕಿಗೆ ಆಗ್ನೇಯ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮೊಬೈಲಿನಲ್ಲಿ ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಕಾರು ನಿಲ್ಲಿಸುವ ಕೋಣೆಯ ಹಿಂದೆ, ಪಾಚಿ ಕಟ್ಟಿದ ಒಂದು ಗೋಡೆಯ ಬದಿ, ಅದೇ ಆಗ್ನೇಯ. ಖಾಲಿ ಬಿದ್ದಿತ್ತು. ನನಗೇ ಬಿಟ್ಟಿದ್ದಾರೇನೋ ಎನ್ನುವ ಹಾಗೆ.

ಶೈಲಜ ಊಟವಾಗಿ ಮಲಗುತ್ತಿದ್ದ ಹೊತ್ತಿನಲ್ಲಿ ಒಂದು ಗಾಲಿಯ ತಳ್ಳುಗಾಡಿ ತೆಗೆದುಕೊಂಡು ಶುರು ಮಾಡಿದೆ. ಮೂರು ಮಧ್ಯಾಹ್ನ. ಗಾಡಿ ಎರಡು ಸಲ ಮಗುಚಿತು, ಒಂದು ಸಲ ನನ್ನ ಕಾಲಿನ ಮೇಲೆ. ಸುಮ್ಮನೆ ಸುರಿಯಲಿಲ್ಲ. ನಮ್ಮನೆಯಲ್ಲಿ ಹೇಗೋ ಹಾಗೆ ದಪ್ಪ ಕೆಳಗೆ, ಸಣ್ಣದು ಮೇಲೆ, ಚಕ್ಕೆಯೆಲ್ಲ ಒಂದು ಕಡೆ, ಅಂದವಾಗಿ ಒಟ್ಟಿದೆ. ಎರಡು ಸಾಲಿದ್ದದ್ದು ಒಂದೇ ಚೆಂದದ ರಾಶಿಯಾಯಿತು. ನೋಡಿ ನಾನೇ ಮೆಚ್ಚಿಕೊಂಡೆ.

ಹತ್ತನೆಯ ದಿನ ಸಂಜೆ ಮಂಜುನಾಥ ಬಂದವನು ಖಾಲಿ ಚಪ್ಪರ ನೋಡಿದ. ನನ್ನ ನೋಡಿದ. ಬಾಯಿ ತೆರೆದ. ಅವನ ಹಿಂದೆ ಶೈಲಜ ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದ್ದು ಕಿಟಕಿಯ ಗಾಜಿನಲ್ಲಿ ಕಂಡಿತು.

"ದೇವಮೂಲೇಲಿ ಭಾರ ಇರಬಾರ್ದು ಕಣಪ್ಪಾ" ಎಂದೆ.

"ಸರಿ ಬಿಡಿ ಅತ್ತಿಗೆ" ಎಂದ. ಬೂಟು ಬಿಚ್ಚುತ್ತಾ, ತಡೆದು, "ಬೇಲಿ ಕಡೆದು ಬೇರೆ ಇಟ್ಟಿದ್ದೀರಲ್ವಾ?" ಎಂದು ಕೇಳಿದ.

ಉತ್ತರ ಕೊಡುವಷ್ಟರಲ್ಲಿ ಒಳಗಿಂದ ಶೈಲಜ ಕೂಗಿದಳು. ನೋವು ಶುರುವಾಗಿತ್ತು.

ಪಾಪು ಮನೆಗೆ ಬಂದ ದಿನ

ಆಪರೇಷನ್ ಆಯಿತು. ಹೆಣ್ಣು. ತೂಕ ಕಡಿಮೆ, ಎರಡು ಕೇಜಿಯ ಮೇಲೆ ಸ್ವಲ್ಪ. ಪಾಪುವನ್ನು ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು, ನಾನು ಐದು ದಿನ ಆಸ್ಪತ್ರೆಯ ಕುರ್ಚಿಯಲ್ಲಿದ್ದೆ. ಆ ಐದೂ ದಿನ ಹೊರಗೆ ದಕ್ಷಿಣದ ಗಾಳಿ, ಮಳೆ, ಮಳೆಯ ಜೊತೆ ಐಸಿನ ಚೂರು. ದಕ್ಷಿಣದ ಗಾಳಿ ಎಂದರೆ ನಮಗೆ ತಂಪು, ಹಿತ. ಅಲ್ಲಿ ಅದು ಹಿಮದ ಸೀಮೆಯಿಂದ ಬರುತ್ತದೆ, ಮುಖಕ್ಕೆ ಹೊಡೆದ ಹಾಗೆ.

ಮನೆಗೆ ಬಂದೆವು. ಉಸಿರು ಹೊಗೆಯಾಗಿ ಕಾಣುತ್ತಿತ್ತು. ಮಂಜುನಾಥನ ಫಾರ್ಮಿನಲ್ಲಿ ಹಸುಗಳು ಕರು ಹಾಕಲು ಶುರುಮಾಡಿದ್ದವು. ನಮ್ಮಲ್ಲಿ ಒಂದು ಹಸು ಈಯುತ್ತದೆಂದರೆ ಬೀದಿಯೆಲ್ಲ ಗಿಣ್ಣು ಕೇಳುತ್ತದೆ. ಅಲ್ಲಿ ದಿನಕ್ಕೆ ಇಪ್ಪತ್ತು, ಮೂವತ್ತು. ಅವನು ನಮ್ಮನ್ನು ಇಳಿಸಿ ಓಡಿದ. ಒಲೆ ನನ್ನ ಪಾಲಿಗೆ.

ಹತ್ತಿಸಿದೆ. ಕಾಗದ ಉರಿಯಿತು, ಚಕ್ಕೆ ಅರೆಬರೆ ಹಿಡಿಯಿತು. ನಂಬಿಕೆಯ ನೀಲಗಿರಿ ಇಟ್ಟೆ. ಅದು ಸುಂಯ್ ಎಂದು ತುದಿಯಲ್ಲಿ ನೊರೆ ಉಗುಳುತ್ತಾ ಕೂತಿತು. ಗಾಜು ಹಳದಿಯಾಗಿ, ಕಂದಾಗಿ, ಕಪ್ಪಾಯಿತು. ಬಾಗಿಲು ತೆಗೆದರೆ ಹೊಗೆ ನಡುಮನೆಗೆ. ಊದಿದೆ. ಬೀಸಿದೆ. ಬೂದಿ ಬಾಚಿ ಮತ್ತೆ ಮೊದಲಿನಿಂದ ಹತ್ತಿಸಿದೆ. ಹುಟ್ಟಿದಾರಭ್ಯ ಒಲೆ ಉರಿಸಿದವಳು ನಾನು, ಮದುವೆಮನೆಯ ದೊಡ್ಡ ಕೋಡಿ ಒಲೆಗೂ ನನ್ನನ್ನೇ ಕರೆಯುತ್ತಾರೆ. ಏನು ತಪ್ಪಿದೆಯೆಂದು ಒಂದು ಚೂರೂ ಹೊಳೆಯಲಿಲ್ಲ. ಮರ ಅದೇ, ಬೆಂಕಿ ಅದೇ, ಮೂಲೆಯೂ ಸರಿ. ಮತ್ತೆ ಯಾಕೆ?

ಒಂದು ಪುಟ್ಟ ಕರೆಂಟ್ ಹೀಟರ್ ಇತ್ತು. ಅದು ಎದುರಿನ ಒಂದು ಮೊಳ ಜಾಗಕ್ಕೆ ಮಾತ್ರ ಬೆಚ್ಚಗೆ. ಪಾಪುವಿನ ಪಾದ ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಬದನೆಕಾಯಿಯ ಹಾಗಿತ್ತು.

ಮರುದಿನ ಬೆಳಿಗ್ಗೆ ಸೂಲಗಿತ್ತಿ ಬಂದಳು. ಆ ದೇಶದಲ್ಲಿ ಅವಳು ಓದಿದವಳು, ಕಾರಿನಲ್ಲಿ ಬರುತ್ತಾಳೆ. ಮಗುವಿನ ಮೈ ಮುಟ್ಟಿದಳು, ಗೋಡೆಯ ಥರ್ಮಾಮೀಟರ್ ನೋಡಿದಳು, ಮೆಲ್ಲಗೆ ಏನೋ ಹೇಳಿ ಹೋದಳು. ಶೈಲಜ ಅಳುತ್ತಿದ್ದಳು.

"ಏನಂದಳೇ?"

"ನಾಳೆ ಬೆಳಿಗ್ಗೆ ಮತ್ತೆ ಬರ್ತಾಳಂತೆ. ಮನೆ ಹಿಂಗೇ ತಣ್ಣಗಿದ್ರೆ ಪಾಪು ವಾಪಸ್ ವಾರ್ಡಿಗೆ. ಅಕ್ಕಾ, ನಾನು ಅದನ್ನ ಮತ್ತೆ ಆ ಗಾಜಿನ ಪೆಟ್ಟಿಗೇಲಿ ಬಿಡಲ್ಲ ಕಣೇ. ಎರಡು ಕಳ್ಕೊಂಡಿದ್ದೀನಿ."

ಜೋನಮ್ಮ

ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಒಬ್ಬ ಮುದುಕಿ ಇದ್ದರು. ಹೆಸರು ಜೋನ್, ನನಗೆ ಜೋನಮ್ಮ. ಚಡ್ಡಿ ಹಾಕಿಕೊಂಡು ತಾವೇ ಕೊಡಲಿ ಎತ್ತಿ ಸೌದೆ ಸೀಳುವುದನ್ನು ಬೇಲಿಯಾಚೆಯಿಂದ ನೋಡಿ ನಾನು ದಿಗಿಲುಬಿದ್ದಿದ್ದೆ. ಅವರು ಹೇಳಿದ್ದನ್ನು ಅರ್ಧ ನಾನೇ ತಿಳಿದುಕೊಂಡು, ಅರ್ಧ ಶೈಲಜಳಿಂದ ಕೇಳಿಕೊಂಡು, ನನ್ನ ಮಾತಿನಲ್ಲೇ ಬರೆಯುತ್ತೇನೆ.

ಆ ಮಧ್ಯಾಹ್ನ ಮಗು ನೋಡಲು ಒಂದು ಪಾತ್ರೆ ಸೂಪ್ ಹಿಡಿದು ಬಂದರು. ಮಗುವನ್ನು ನೋಡುವ ಮುಂಚೆ ಅವರ ಕಣ್ಣು ಒಲೆಯ ಕಪ್ಪು ಗಾಜಿನ ಮೇಲೆ ಬಿತ್ತು. ಸೂಪ್ ನನ್ನ ಕೈಗೆ ಕೊಟ್ಟು, ಬುಟ್ಟಿಯಿಂದ ಎರಡು ಸೀಳು ಎತ್ತಿ ಒಂದಕ್ಕೊಂದು ಬಡಿದರು. ದಬ್ ಎಂದಿತು. ಬೇರೆ ಎರಡು ಬಡಿದರು. ದಬ್.

"ಇದು ಮರವಲ್ಲ, ಇದು ತರಕಾರಿ" ಎಂದರು. "ಎಲ್ಲಿಂದ ತಂದಿರಿ?"

ಕರೆದುಕೊಂಡು ಹೋಗಿ ನನ್ನ ಆಗ್ನೇಯದ ರಾಶಿ ತೋರಿಸಿದೆ. ಮಳೆ ನಿಂತು ಒಂದು ದಿನವಾಗಿತ್ತು. ಅಡುಗೆಮನೆಯ ಮುಂದೆ ಚೆನ್ನಾಗಿ ಬಿಸಿಲಿತ್ತು. ಈ ಮೂಲೆಯಲ್ಲಿ ಮಾತ್ರ ನಡುಹಗಲಲ್ಲೂ ನೆಲದ ಮೇಲೆ ಬಿಳಿಯ ಮಂಜು ಹೆಪ್ಪುಗಟ್ಟಿತ್ತು. ನಾನು ಅಂದವಾಗಿ ಒಟ್ಟಿದ್ದ ಸೌದೆಯ ಮೇಲೆ ಸಕ್ಕರೆ ಉದುರಿಸಿದ ಹಾಗೆ.

ಜೋನಮ್ಮ ಬೆರಳಿನಿಂದ ಆ ಮಂಜನ್ನು ಕೆರೆದು ನೋಡಿದರು. "ಸೌದೆಯನ್ನು ಯಾಕೆ ಫ್ರಿಜ್ಜಿನಲ್ಲಿಟ್ಟಿದ್ದೀರಿ?"

ಅಗ್ನಿದೇವನ ಮೂಲೆ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಕೊಡಲಿ ಹಿಡಿದು ಗಟ್ಟಿಯಾದ ಬೆರಳನ್ನು ಅಡುಗೆಮನೆಯ ಕಡೆ ಚಾಚಿ, "ನಮ್ಮ ಬೆಂಕಿ ದೇವರು ಆ ಕಡೆ ಓಡಾಡುತ್ತಾನೆ. ಈ ಗೋಡೆ ಅವನನ್ನು ಚಳಿಗಾಲ ಪೂರ್ತಿ ನೋಡುವುದಿಲ್ಲ" ಎಂದರು.

ಆಮೇಲೆ ಅವರ ತಳ್ಳುಗಾಡಿ ಐದು ಸಲ ಬಂತು. ಎರಡು ವರ್ಷ ಒಣಗಿದ ಅವರದೇ ಸೌದೆ. ಎರಡು ಸೀಳು ನನ್ನ ಕೈಗೆ ಕೊಟ್ಟು ಬಡಿಯಲು ಹೇಳಿದರು. ಟಣ್! ನನಗೆ ಆ ಕ್ಷಣ ಅರ್ಥವಾಯಿತು. ಸಂತೆಯಲ್ಲಿ ತೆಂಗಿನಕಾಯಿಯನ್ನು ಬೆರಳಲ್ಲಿ ತಟ್ಟಿ ಆರಿಸುವವಳು, ಮಡಕೆಯನ್ನು ಕುಟ್ಟಿ ಬಿರುಕು ಹೇಳುವವಳು ನಾನು. ಸೌದೆಯನ್ನು ಒಂದು ಸಲವೂ ತಟ್ಟಿ ನೋಡಿರಲಿಲ್ಲ. ನಮ್ಮ ಬಿಸಿಲು ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ಬೂದಿ ಬಾಚಲು ಹೋದೆ. ಕೈಗೊಂದು ಪೆಟ್ಟು ಕೊಟ್ಟರು. ಒಂದು ಬೆರಳು ದಪ್ಪ ಬೂದಿ ಇರಬೇಕಂತೆ, ಕೆಂಡಕ್ಕೆ ಹಾಸಿಗೆಯಂತೆ. ಮೊದಲು ಸಣ್ಣ ಪೈನ್, ಅದು ಬೇಗ ಹತ್ತಿ ಬೇಗ ಮುಗಿಯುತ್ತದೆ. ಕೆಂಡ ಬಿದ್ದ ಮೇಲೆ ಒಂದೇ ಒಂದು ಗಮ್ಮು, ಅದು ನಿಧಾನ. ಹತ್ತು ನಿಮಿಷದಲ್ಲಿ ಗಾಜಿನ ಕಪ್ಪು ಅಂಚಿನಿಂದ ಕರಗುತ್ತಾ ಬಂತು. ಸಂಜೆಯ ಹೊತ್ತಿಗೆ ನಾನು ಸ್ವೆಟರ್ ಬಿಚ್ಚಿದೆ. ಮರುದಿನ ಬಂದ ಸೂಲಗಿತ್ತಿ ಕೋಟು ಬಿಚ್ಚಿ ಕೈಮೇಲೆ ಹಾಕಿಕೊಂಡಳು, ಥರ್ಮಾಮೀಟರ್ ನೋಡಲೇ ಇಲ್ಲ.

ಫೋನು

ಜೋನಮ್ಮನ ಸೌದೆ ಒಂದು ವಾರಕ್ಕಾಗುವಷ್ಟು. ಆಮೇಲೆ? ನನ್ನ ರಾಶಿಯಲ್ಲಿ ಹಳೆಯದರ ಮೈ ಮಾತ್ರ ನೆನೆದಿದೆ, ಒಳಗೆ ಒಣಗಿಯೇ ಇದೆ, ಗಾಳಿಬಿಸಿಲಿಗೆ ಬಿದ್ದರೆ ಕೆಲವು ದಿನದಲ್ಲಿ ಸರಿಹೋಗುತ್ತದೆ ಎಂದಿದ್ದರು. ಹಸಿಯದಕ್ಕೆ ಮಾತ್ರ ವರ್ಷ ಕಳೆಯಲೇಬೇಕು. ಬಿಸಿಲಿರುವುದು ಈಶಾನ್ಯದಲ್ಲಿ. ದೇವಮೂಲೆಗೆ ನನ್ನ ಕೈಯಾರೆ ಮತ್ತೆ ಭಾರ ಹೊರಿಸಬೇಕೆ? ಅದೂ ಈಗ, ಮಗು ಬಂದ ಮನೆಗೆ? ಒಂದು ಕಡೆ ಜೋನಮ್ಮನ ಬೆರಳು, ಇನ್ನೊಂದು ಕಡೆ ನಮ್ಮಮ್ಮ ಹೇಳಿಕೊಟ್ಟದ್ದು. ನಮ್ಮೂರಿನಲ್ಲಿ ಬೆಳಿಗ್ಗೆಯಾಗಿರುತ್ತದೆಂದು ಯಜಮಾನರಿಗೆ ಫೋನ್ ಮಾಡಿದೆ.

"ರೀ, ಒಂದ್ಸಲ ಹಿತ್ತಲಿಗೆ ಹೋಗಿ. ನಮ್ಮ ಸೌದೆ ಎಷ್ಟು ಸರಿಯಾಗಿ ಆಗ್ನೇಯದಲ್ಲಿ ಐತೆ ನೋಡಿ ಹೇಳಿ. ಮೊಬೈಲಲ್ಲಿ ದಿಕ್ಕು ನೋಡಿ."

ಹಿಂದಿನಿಂದ ಅತ್ತೆಯ ದನಿ. "ಏನಂತೆ?"

"ಸೌದೆ ಯಾವ ದಿಕ್ಕಲ್ಲಿ ಐತೆ ಅಂತ ಕೇಳ್ತಾವ್ಳೆ."

"ನ್ಯೂಜಿಲೆಂಡಿಂದಲಾ? ಚಳಿ ತಲೆಗೆ ಏರೈತೆ. ಮೆಣಸಿನ ಸಾರು ಕುಡಿ ಅನ್ನು."

ಚಪ್ಪಲಿ ಸದ್ದು. ಕೋಳಿ ಸದ್ದು. ಆಮೇಲೆ ಅವರು, "ಈಶಾನ್ಯ ಕಣೇ" ಎಂದರು.

"ಸರಿಯಾಗಿ ನೋಡಿ."

"ಸರಿಯಾಗೇ ನೋಡ್ದೆ. ಹುಣಸೆ ಮರದ ಪಕ್ಕ ಎಳೆಬಿಸಿಲು ಬೀಳೋದು ಅಲ್ಲಿಗೇ ಅಂತ ಅಪ್ಪ ಹಾಕ್ತಿದ್ದ ಜಾಗ. ನೀನು ಬಂದಾಗಿಂದ ಅಲ್ಲೇ ಐತಲ್ಲ. ನಿನ್ನ ಎರಡು ಬಾಣಂತನ, ನನ್ನ ತಂಗೀದೊಂದು, ಎಲ್ಲಕ್ಕೂ ನೀರು ಕಾಸಿದ್ದು ಅದ್ರಲ್ಲೇ."

ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಹೋಗಿ ಸೌದೆ ತಂದ ಜಾಗ. ಅದಕ್ಕೊಂದು ದಿಕ್ಕಿದೆಯೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಹೆದರಿಕೆ ಇಲ್ಲದ ಕಡೆ ನಾನು ದಿಕ್ಕನ್ನೇ ನೋಡಿರಲಿಲ್ಲ.

"ಇದೀಯೇನೇ?" ಎಂದರು.

"ಇದ್ದೀನಿ. ಗ್ಯಾಸ್ ಬುಕ್ ಮಾಡಿದ್ರಾ?"

"ಇಲ್ಲ, ಮರೆತ್ಬಿಟ್ಟೆ."

ಬಡಿದು ಬಡಿದು ಆರಿಸಿದ ದಿನಗಳು

ಹಸಿಯದು ಯಾವುದು, ಹಳೆಯದು ಯಾವುದು ಎಂದು ನಾನು ದಪ್ಪ-ಸಣ್ಣ ನೋಡಿ ಕಲಸಿಬಿಟ್ಟಿದ್ದೆನಲ್ಲ, ಅದನ್ನು ಬಿಡಿಸಬೇಕಿತ್ತು. ಮಂಜುನಾಥ ಕೊನೆಗೂ ರಾಶಿ ನೋಡಿದ.

"ಅತ್ತಿಗೆ, ರಾಗೀನೂ ಸಾಸಿವೇನೂ ಬೆರೆಸಿಟ್ಟಿದ್ದೀರಲ್ಲಾ!"

"ಬೆರೆಸಿದೋಳೇ ಆರಿಸ್ತಾಳೆ ಬಿಡಪ್ಪಾ."

ಪಾಪು ಮಲಗಿದಾಗಲೆಲ್ಲ ಹೊರಗೆ ಕೂತೆ. ಪ್ರತಿ ಸೀಳನ್ನೂ ಟಣ್ ಎನ್ನುವ ಒಂದು ತುಂಡಿಗೆ ಬಡಿದೆ. ತುದಿಯಲ್ಲಿ ಬಿರುಕಿದೆಯೇ, ತೊಗಟೆ ಬಿಟ್ಟಿದೆಯೇ, ಕೈಗೆ ಹಗುರವೇ ಎಂದು ನೋಡಿದೆ. ನೆನೆದ ಹಳೆಯದೂ ದಬ್ ಎನ್ನುತ್ತಿತ್ತು, ಅದಕ್ಕೆ ಬಿರುಕೇ ಸಾಕ್ಷಿ. ಸಂಶಯ ಬಂದದ್ದನ್ನು ಬೇಲಿಯ ಮೇಲಿಟ್ಟರೆ ಜೋನಮ್ಮ ಬಂದು ತೀರ್ಪು ಕೊಡುತ್ತಿದ್ದರು. ಮೊದಲ ದಿನ ಹತ್ತರಲ್ಲಿ ಆರು ತಪ್ಪು, ನಾಲ್ಕನೆಯ ದಿನ ಒಂದು. ಒಟ್ಟುವಾಗ ತೊಗಟೆ ಮೇಲೆ ಬರಬೇಕು ಎಂದು ಜೋನಮ್ಮ, ಕೆಳಗೆ ಬರಬೇಕು ಎಂದು ಎದುರುಮನೆಯ ಮುದುಕ. ಇಬ್ಬರೂ ನನ್ನನ್ನು ನಡುವೆ ನಿಲ್ಲಿಸಿ ಅರ್ಧ ಗಂಟೆ ವಾದ ಮಾಡಿದರು. ಯಾವುದು ಸರಿಯೆಂದು ನನಗೆ ಈಗಲೂ ತಿಳಿಯದು. ಒಂದು ಸಾಲು ಹಾಗೆ, ಒಂದು ಸಾಲು ಹೀಗೆ ಒಟ್ಟಿದೆ.

ದಕ್ಷಿಣ ಗೋಳಾರ್ಧದಲ್ಲಿ ಅಗ್ನಿಯ ಮೂಲೆ ಯಾವುದಾಗುತ್ತದೆ ಎಂಬುದೂ ತಿಳಿಯದು. ದೇವಮೂಲೆಗೆ ಒಂದು ಹೂವಿಟ್ಟು, ತಪ್ಪಾಯಿತೆಂದು ಕೈಮುಗಿದು, ಅದರ ಪಕ್ಕದಲ್ಲೇ ಸೌದೆ ಒಟ್ಟಿದೆ. ಮರುದಿನ ಹೂವಿನ ಮೇಲೂ ಸೌದೆಯ ಮೇಲೂ ಒಂದೇ ಬಿಸಿಲು ಬಿದ್ದಿತ್ತು.

ಜೋನಮ್ಮನ ಸೌದೆ ಮುಗಿದ ದಿನ ಸಂಜೆ ನಮ್ಮದೇ ಸೌದೆಯಿಂದ ಒಲೆ ಹತ್ತಿಸಿದೆ. ಗಾಜು ಕಪ್ಪಾಗುತ್ತದೆಯೇ ಎಂದು ನಾವು ಮೂವರೂ ನೋಡುತ್ತಾ ಕೂತೆವು. ಆಗಲಿಲ್ಲ. ಪಾಪುವಿನ ಪಾದ ಮುಟ್ಟಿದೆ. ಬೆಚ್ಚಗಿತ್ತು.

ಆ ಸಂಜೆ ಶೈಲಜಳಿಗೆ ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ತುಪ್ಪ, ಬಿಸಿ ಅನ್ನ. ಮಂಜುನಾಥನಿಗೂ ನನಗೂ ಮುದ್ದೆ, ಸಬ್ಬಸಿಗೆ ಸೊಪ್ಪಿನ ಹುಳಿ. ಜೋನಮ್ಮ ತಂದ ಸೇಬಿನ ಸಿಹಿ ಅರ್ಧ ಉಳಿಯಿತು. ಅವರು ಮುದ್ದೆಯನ್ನು ಚಮಚದಲ್ಲಿ ತಿಂದರು, ಅಗಿದರು, ನುಂಗುವುದು ಎಂದು ಹೇಳಿಕೊಟ್ಟರೂ ಅಗಿದರು. ಬಾಣಂತನ ಮಾಡುವವಳು ಎಲ್ಲರಿಗಿಂತ ಕೊನೆಗೆ ಮಲಗಬೇಕು, ಅದು ಅಮ್ಮನ ಮಾತು. ಆದರೆ ಮೊದಲು ನಿದ್ದೆ ಹೋದವಳು ನಾನಂತೆ, ಒಲೆಯ ಮುಂದಿನ ಕುರ್ಚಿಯಲ್ಲಿ, ಮಡಿಲಲ್ಲಿ ಒಂದು ಸೀಳು ನೀಲಗಿರಿ ಇಟ್ಟುಕೊಂಡು. ಬೆಳಿಗ್ಗೆ ಶೈಲಜ ಹೇಳಿದಳು. ಅದನ್ನು ನನ್ನ ಕೈಯಿಂದ ಬಿಡಿಸಿ ಒಲೆಗೆ ಹಾಕಿದ್ದು ಅವಳೇ.